ಗುಬ್ಬಿಗೆ ಆರು, ಕುಣಿಗಲ್‌ಗೆ ಏಳು

ತುಮಕೂರಿನ ಒಂದು ತೆಂಗಿನಕಾಯಿ ಮಂಡಿಗೆ ಬಿಲ್ಲು ಹಾಕುವ ತಂತ್ರಾಂಶ ಮಾಡಿಕೊಟ್ಟಿದ್ದೆ. ಬ್ರೌಸರಿನಲ್ಲೇ ನಡೆಯುವಂಥದ್ದು, ಜಾವಾಸ್ಕ್ರಿಪ್ಟಿನದು. ಆಮೇಲೆ ಗುಬ್ಬಿಯ ಒಬ್ಬರು, ಕುಣಿಗಲ್‌ನ ಒಬ್ಬರು ತಮಗೂ ಬೇಕೆಂದರು. ಮೂರು ಕಡೆಗೂ ಅದೇ ಚಿಲ್ಲರೆ ಕೆಲಸ ಮತ್ತೆ ಮತ್ತೆ ಬರೆಯುವುದೇಕೆಂದು ಎಲ್ಲವನ್ನೂ ಒಂದು ಸಹಾಯಕ ಪ್ಯಾಕೇಜಿಗೆ ಸುರಿದೆ. ಕೋಡನ್ನು ಬಿಲ್ಡ್ ಮಾಡುವುದು, ಟೆಸ್ಟ್ ಓಡಿಸುವುದು, ಚೀಟಿಯ ಅಂಕಣಕ್ಕಿಂತ ಹೆಸರು ಉದ್ದವಾದರೆ ಕತ್ತರಿಸುವುದು, ಎಲ್ಲ ಅದರದೇ ಕೆಲಸ. ಒಗ್ಗರಣೆ ಡಬ್ಬಿಯ ಹಾಗೆ. ಒಮ್ಮೆ ತುಂಬಿಟ್ಟರೆ ಸಾಸಿವೆ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಇಂಥ ಡಬ್ಬಿಗಳ ಮೇಲೆ ನಾವೆಷ್ಟು ನಿಂತಿದ್ದೇವೆ ಎನ್ನುವುದು 2016ರ ಮಾರ್ಚ್‌ನಲ್ಲಿ ಗೊತ್ತಾಗಿತ್ತು. ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್ ತನ್ನ ಪ್ಯಾಕೇಜುಗಳನ್ನು ಎನ್‌ಪಿಎಂ ಭಂಡಾರದಿಂದ ತೆಗೆದುಬಿಟ್ಟ. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಅಂತ 11 ಸಾಲಿನದೊಂದು ಇತ್ತು. ಪದದ ಎಡಗಡೆಗೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲದೆ ಎಲ್ಲೆಲ್ಲಿಯೋ ಬಿಲ್ಡ್‌ಗಳು ನಿಂತುಹೋದವು.

ನನ್ನದು ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು.

ಕುಣಿಗಲ್‌ನ ಪಾರ್ಟಿಯೊಬ್ಬರು ಚೀಟಿ ನೋಡಿ ನಕ್ಕರಂತೆ. ಅದರಲ್ಲಿ ‘ಕುಣಿಗಲ’ ಎಂದಿತ್ತು. ‘ತುಮಕೂರು’ ಇರಬೇಕಾದಲ್ಲಿ ‘ತುಮಕೂರ’. ಮಂಡಿಯ ಯಜಮಾನರು ಗುಮಾಸ್ತರನ್ನು ಕರೆದು, “ಇಷ್ಟು ವರ್ಷ ಆದ್ರೂ ಊರ ಹೆಸರು ಹೊಡೆಯೋಕೆ ಬರಲ್ವೇನ್ರೀ?” ಎಂದರು. ಗುಮಾಸ್ತರು ಅರವತ್ತು ದಾಟಿದವರು. “ನಾನು ಸರಿಯಾಗೇ ಹೊಡ್ದಿದೀನಿ ಸ್ವಾಮಿ” ಎಂದು ನನ್ನ ಕಡೆ ನೋಡಿದರು. ನಾನು ಪ್ರಿಂಟರಿನ ಪೇಪರ್ ರೋಲು ಬದಲಿಸುತ್ತಿದ್ದೆ. “ನಮ್ಮ ಕಡೆ ಟೆಸ್ಟ್ ಎಲ್ಲಾ ಪಾಸಾಗಿದೆ ಸಾರ್” ಎಂದೆ. ಸುಳ್ಳೇನಲ್ಲ, ಎಲ್ಲವೂ ಹಸಿರಾಗಿಯೇ ಇದ್ದವು.

ರಾತ್ರಿ ಮನೆಯಲ್ಲಿ ಕೂತು ನೋಡಿದೆ. ಊರಿನ ಅಂಕಣಕ್ಕೆ ಆರು ಅಕ್ಷರ ಇಟ್ಟಿದ್ದೆ. ಮಗ್ಗಿ ಕಲಿತ ಕಾಲದ ಲೆಕ್ಕ: ತುಮಕೂರು ನಾಲ್ಕಕ್ಷರ, ಕುಣಿಗಲ್ ನಾಲ್ಕು, ಗುಬ್ಬಿ ಎರಡೇ. ಆದರೆ ಜಾವಾಸ್ಕ್ರಿಪ್ಟು ಉದ್ದ ಕೇಳಿದರೆ ಯೂನಿಕೋಡಿನ ತುಂಡುಗಳನ್ನು ಎಣಿಸುತ್ತದೆ. ಕೊಂಬು ಬೇರೆ, ಗುಡಿಸು ಬೇರೆ, ಒತ್ತಕ್ಷರವಾದರೆ ನಡುವೆ ಕಾಣದ ಹಲಂತ ಬೇರೆ. ಹಾಗಾಗಿ ತುಮಕೂರಿಗೆ 7, ಕುಣಿಗಲ್‌ಗೆ 7. ಏಳನೆಯದು ಕತ್ತರಿಗೆ ಸಿಕ್ಕಿತ್ತು. ಒಂದರಲ್ಲಿ ಕೊಂಬು, ಇನ್ನೊಂದರಲ್ಲಿ ಅರ್ಧಾಕ್ಷರದ ಗುರುತು. ಗುಬ್ಬಿಗೆ ಸರಿಯಾಗಿ 6. ನಾನು ಗುಬ್ಬಿಯವನು. ಟೆಸ್ಟ್ ಬರೆಯುವಾಗ ಕೈ ತಾನಾಗಿ ನಮ್ಮೂರಿನ ಹೆಸರನ್ನೇ ಹೊಡೆದಿತ್ತು, ಮೂರು ಊರಿಗೂ ಅದೊಂದೇ.

ಸರಿಪಡಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಓದುಗನ ಕಣ್ಣಿನ ಅಕ್ಷರಕ್ಕೆ ಹತ್ತಿರವಾಗಿ ಬಿಡಿಸಿಕೊಡುವ ಇಂಟಲ್.ಸೆಗ್ಮೆಂಟರ್ ಎಂಬುದು ಬ್ರೌಸರಿನೊಳಗೇ ಇದೆ. ಅದು ತುಮಕೂರನ್ನು ನಾಲ್ಕೆಂದೇ ಎಣಿಸಿತು. ಟೆಸ್ಟಿಗೆ ಆ ಎರಡು ಊರುಗಳನ್ನೂ ಸೇರಿಸಿದೆ. ಆದರೆ ಬೆಳಿಗ್ಗೆ ಮಂಡಿಗೆ ಹೋಗುವಾಗ ಕಾಲು ಹಿಂದೇಟು ಹಾಕುತ್ತಿತ್ತು.

ಗುಮಾಸ್ತರು ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು, ನೀಲಿ ಬಾಲ್‌ಪೆನ್ನಿನಲ್ಲಿ ಒಂದೊಂದಕ್ಕೂ ಕೊಂಬು ಹಾಕುತ್ತಿದ್ದರು. ತಪ್ಪು ನನ್ನದೆಂದು ಹೇಳಿದೆ. “ಮಿಷನ್ನಿಗೆ ಬರಲ್ಲವೇನೋ ಅಂದ್ಕೊಂಡೆ ಕಣಪ್ಪಾ” ಎಂದು ಮುಂದಿನ ಚೀಟಿ ಎತ್ತಿಕೊಂಡರು. ಯಜಮಾನರಿಗೂ ಅವರೆದುರೇ ಹೇಳಿದೆ. ಅವರು ಗುಮಾಸ್ತರತ್ತ ನೋಡಲಿಲ್ಲ. ಹುಡುಗನನ್ನು ಕರೆದು ಮೂರು ಕಾಫಿ ತರಲು ಕಳಿಸಿದರು.