ಹಗ್ಗದ ಕಾಯಕದಿಂದ ಗಿರಣಿಯ ನೂಲಿನವರೆಗೆ

ಮನ್ನಾಏಖೇಳ್ಳಿಯಿಂದ ಹೊರಟ ನಮ್ಮ ತಂಡ ಹುಮನಾಬಾದ ದಾಟಿ ಮೊದಲು ಬಸವಕಲ್ಯಾಣದಲ್ಲಿ ತಂಗಿತು. ನುಲಿಯ ಚಂದಯ್ಯನವರ ಗವಿಯ ಮುಂದೆ ಕ್ಷಣಕಾಲ ಮೌನವಾಗಿ ಕುಳಿತೆವು. ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದನ್ನು ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದ ಶರಣರು ಅವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲವೆಂಬ ಕಥೆ ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ.

ನಮ್ಮೊಡನೆ ಊರಿನ ವೃದ್ಧ ನೇಕಾರರೊಬ್ಬರಿದ್ದರು. ಮಗ ದುಡಿಯಲು ಹೈದರಾಬಾದಿಗೆ ಹೋದ ಮೇಲೆ ಅವರ ಕೈಮಗ್ಗ ಮೂಲೆ ಸೇರಿತ್ತು. ಅದನ್ನು ಮಾರಿಬಿಡುವ ಮಾತೂ ಮನೆಯಲ್ಲಿ ನಡೆದಿತ್ತು.

ಮರುದಿನ ಗೋಕಾಕ ಜಲಪಾತವನ್ನು ಕಂಡೆವು. ಘಟಪ್ರಭೆ ಇಲ್ಲಿ ಸುಮಾರು 170 ಅಡಿ ಆಳಕ್ಕೆ ಧುಮುಕುತ್ತಾಳೆ. ಈ ರಭಸವನ್ನೇ ನಂಬಿ 1885ರಲ್ಲಿ ಕಂಪನಿಯೊಂದು ಸ್ಥಾಪನೆಗೊಂಡು, 1887ರಲ್ಲಿ ಹತ್ತಿಯ ನೂಲಿನ ಗಿರಣಿ ಆರಂಭವಾಯಿತು. ಮೇಲಿನಿಂದ ಕೊಳವೆಗಳಲ್ಲಿ ಇಳಿದ ನೀರು ಚಕ್ರವನ್ನು ತಿರುಗಿಸಿತು. ಆ ಬಲ ಕದಿರುಗಳನ್ನು ತಿರುಗಿಸಿತು. ಇಂಗ್ಲೆಂಡಿನ ಡರ್ಬಿಯಲ್ಲಿ 1721ರ ಸುಮಾರಿಗೇ ಡರ್ವೆಂಟ್ ನದಿಯ ನೀರಿನಿಂದ ರೇಷ್ಮೆಯ ಎಳೆಗಳನ್ನು ಹುರಿಗೊಳಿಸುವ ಗಿರಣಿ ನಡೆಯುತ್ತಿತ್ತು. ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಡನೆ ರೇಷ್ಮೆ ನೇಯ್ಗೆಯ ಕಾರ್ಖಾನೆ ಪ್ರಾರಂಭವಾಯಿತು. ಅದಕ್ಕೂ ಮುನ್ನವೇ, 1902ರಲ್ಲಿ, ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಟ್ಟಿದ್ದಳು.

ಜಲಪಾತವನ್ನು ಬಹಳ ಹೊತ್ತು ನೋಡಿದ ಆ ಹಿರಿಯರು, "ನೀರೇ ಎಲ್ಲಾ ನೂತರೆ ನಮ್ಮ ಕೈಗೆ ಏನು ಉಳೀತು, ಅಪ್ಪಾ?" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಗಿರಣಿಯ ನೂಲು ಅನೇಕರಿಗೆ ಅನ್ನವಿತ್ತಿದೆ, ಅಗ್ಗದ ಬಟ್ಟೆಯನ್ನೂ ಕೊಟ್ಟಿದೆ; ಅದನ್ನು ಹಳಿಯಲಾಗದು. ಆದರೆ ಒಂದು ಮಗ್ಗ ನಿಂತಾಗ ಒಂದು ಮನೆಯ ವಿದ್ಯೆಯೇ ನಿಲ್ಲುತ್ತದೆ.

ಹಿಂದಿರುಗುವಾಗ ಅವರೇ ಮೌನ ಮುರಿದರು: "ಮಗ್ಗ ಮಾರೋದು ಸದ್ಯಕ್ಕೆ ಬೇಡ. ಮೊಮ್ಮಗಳಿಗೆ ಲಾಳಿ ಎಸೆಯೋದು ಕಲಿಸ್ತೀನಿ. ಹೊಟ್ಟೆಪಾಡಿಗೆ ಅವಳು ಬೇಕಾದ್ದು ಮಾಡಲಿ, ಕೈಗೆ ಕಸುಬಂತೂ ಇರಲಿ."

ಯಂತ್ರ ಬರುವುದನ್ನು ನಾವು ತಡೆಯಲಾರೆವು. ಆದರೆ ನಮ್ಮ ಮನೆಗಳಲ್ಲಿ ಹಿರಿಯರ ಕೈಯಲ್ಲಿರುವ ಕಾಯಕವನ್ನು ಮಕ್ಕಳಿಗೆ ದಾಟಿಸುವುದು ನಮ್ಮ ವಶದಲ್ಲಿಯೇ ಇದೆ. ಕಲ್ಯಾಣಕ್ಕೆ ಹೋಗುವ ಶರಣಬಂಧುಗಳು ಚಂದಯ್ಯನವರ ಗವಿಯ ಮುಂದೆ ಒಮ್ಮೆ ಕುಳಿತು ಇದನ್ನು ನೆನೆಯಲೆಂದು ನಮ್ಮ ಬಿನ್ನಹ.