ಮೊದಲ ಅರ್ಧ ಗಂಟೆ

ಮೂವತ್ತೆರಡನೇ ವಯಸ್ಸಿನಲ್ಲಿ ನಾನು ಇಂಟರ್ನ್ ಆದೆ. ಬಿಇ ಮುಗಿಸಿ ಹತ್ತು ವರ್ಷ ಕೋಡ್ ಬರೆದ ಮೇಲೆ, ಒಂದು ಕಂಪನಿ ಬಿಟ್ಟು ಇನ್ನೊಂದು ಸೇರುವ ನಡುವೆ ಮೂರು ತಿಂಗಳು ಬಿಡುವು ಸಿಕ್ಕಿತ್ತು. ಗೆಳೆಯರು ಲಡಾಖ್ ಅಂದರು, ಗೋಕರ್ಣ ಅಂದರು. ನಾನು ಹೋಗಿದ್ದು ಮೆಜೆಸ್ಟಿಕ್‌ಗೆ. ಮನೆಬಿಟ್ಟು ಬಂದು ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡು, ಕಾಟನ್‌ಪೇಟೆ, ಕಲಾಸಿಪಾಳ್ಯದ ಸುತ್ತಮುತ್ತ ಬದುಕುವ ಮಕ್ಕಳ ಜೊತೆ ಕೆಲಸ ಮಾಡುವ ಒಂದು ಸಣ್ಣ ಕ್ರೈಸ್ತ ಸಂಸ್ಥೆಗೆ. ಸಂಸ್ಥೆಯ ಹೆಸರು ಬರೆಯೋದಿಲ್ಲ. ಇಂಥ ಮಕ್ಕಳ ಗುರುತು ಹೇಳಬಾರದು ಅಂತ ಕಾನೂನೇ ಇದೆ, ಅದಕ್ಕೇ ಹುಡುಗರ ವಿವರವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ.

ಬೆಂಗಳೂರಲ್ಲಿ ಈ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಒಂದು ದೊಡ್ಡ ಹೆಸರು ಬಾಸ್ಕೋ. 1980ರಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಸಲೇಷಿಯನ್ ಪಂಥದ ಕೆಲವು ಹುಡುಗರು ಬೀದಿ ಮಕ್ಕಳನ್ನ ಹುಡುಕಿಕೊಂಡು ಹೋಗಿ ಮಾತಾಡಿಸೋಕೆ ಶುರು ಮಾಡಿದರು. ಪೂರ್ತಿ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. 'ಓಣಿ' ಅನ್ನೋ ಪದ ನೋಡಿ ನನಗೆ ಖುಷಿಯಾಯಿತು. ಬೆಂಗಳೂರಿನವರು ಬೀದಿ ಅಂತಾರೆ, ರಸ್ತೆ ಅಂತಾರೆ. ಓಣಿ ಅನ್ನೋರು ನಮ್ಮ ಕಡೆಯವರು. ನಾನು ತಿಕೋಟಾ ಹತ್ತಿರದ ಹಳ್ಳಿಯವನು. ಈಗ ಅಪ್ಪ ಅವ್ವ ಇರೋದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ.

ನನ್ನನ್ನ ಅವರು ಕರೆದಿದ್ದು ಮಕ್ಕಳ ಮಾಹಿತಿ ಇಡೋಕೆ ಒಂದು ಸಾಫ್ಟ್‌ವೇರ್ ಮಾಡಿಕೊಡಲಿ ಅಂತ. ಮೊದಲ ದಿನ ಲ್ಯಾಪ್‌ಟಾಪ್ ತೆಗೆದರೆ ಅಲ್ಲಿನ ಬ್ರದರ್ ನಕ್ಕರು. "ಅದು ಆಮೇಲೆ. ನಾಳೆ ಬೆಳಿಗ್ಗೆ ಐದಕ್ಕೆ ಪ್ಲಾಟ್‌ಫಾರ್ಮಿಗೆ ಬನ್ನಿ."

ಒಂದು ತಿಂಗಳು ಅಲ್ಲೇ ನಿಂತೆ. ಮನೆಬಿಟ್ಟು ಬಂದ ಮಗುವನ್ನ ಗುರುತಿಸೋದು ಹೇಗೆ ಅಂತ ಕಲಿತೆ. ರೈಲು ಇಳಿದ ದೊಡ್ಡವರು ಗೇಟಿನ ಕಡೆ ನಡೀತಾರೆ. ಈ ಮಗು ಇಳಿದು ನಿಲ್ಲುತ್ತೆ. ಕೈಯಲ್ಲಿ ಚೀಲ ಇರಲ್ಲ. ಬೋರ್ಡ್ ಓದಲ್ಲ, ಜನರ ಮುಖ ಓದುತ್ತೆ. ಹಾಗೆ ನಿಂತ ಮಗುವಿನ ಹತ್ತಿರ ಅರ್ಧ ಗಂಟೆಯೊಳಗೆ ಯಾರಾದರೂ ಬಂದೇ ಬರ್ತಾರೆ ಅಂತ ಬ್ರದರ್ ಹೇಳ್ತಿದ್ದರು. ಹೋಟೆಲ್‌ಗೆ ಹುಡುಗರನ್ನ ಹಿಡಿದುಕೊಡೋ ಏಜೆಂಟ್ ಇರಬಹುದು, ಚಿಂದಿ ಆಯಿಸಿ ಪಂಕ್ಚರ್ ಸೊಲ್ಯೂಷನ್ ಮೂಸೋದು ಕಲಿಸೋ ದೊಡ್ಡ ಹುಡುಗರಿರಬಹುದು, ಅದಕ್ಕಿಂತ ಕೆಟ್ಟವರಿರಬಹುದು. "ನಮ್ಮ ಕೆಲಸ ಇಷ್ಟೇ. ಅವರಿಗಿಂತ ಮೊದಲು ಹೋಗಿ ನಿಲ್ಲೋದು."

ಆಮೇಲಿನದಕ್ಕೆ ಒಂದು ಕ್ರಮ ಇದೆ. ರೈಲ್ವೆ ಪೊಲೀಸರಿಗೆ ತಿಳಿಸಬೇಕು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 24 ಗಂಟೆಯೊಳಗೆ ಮಗುವನ್ನ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮನೆಗೆ ಕಳಿಸೋದೋ, ಆಶ್ರಯದಲ್ಲಿ ಇಡೋದೋ ತೀರ್ಮಾನ ಮಾಡೋದು ಸಮಿತಿ. ಯಾವ ಸಂಸ್ಥೆಯೂ ಮಗುವನ್ನ ತನಗೆ ಬೇಕಾದಂತೆ ಇಟ್ಟುಕೊಳ್ಳೋ ಹಾಗಿಲ್ಲ.

ಗೋಲಗುಂಬಜ್ ಎಕ್ಸ್‌ಪ್ರೆಸ್ ಬಂದಾಗ ಬ್ರದರ್ ನನ್ನನ್ನೇ ಮುಂದೆ ಬಿಡ್ತಿದ್ದರು. ಒಂದು ದಿನ ಹನ್ನೊಂದು ವರ್ಷದ ಹುಡುಗನೊಬ್ಬ ಇಳಿದು ನಿಂತ. ಅವರು ಬೆಂಗಳೂರು ಕನ್ನಡದಲ್ಲಿ ಕೇಳಿದ್ದಕ್ಕೆ ತುಟಿ ಬಿಚ್ಚಲಿಲ್ಲ. ನಾನು ಹೋಗಿ, "ಯಾವೂರಪಾ ತಮ್ಮಾ? ಊಟ ಆತೇನ?" ಅಂದೆ. ನನ್ನ ಮುಖಾನೇ ನೋಡಿದ. ಆಮೇಲೆ ಅತ್ತ.

ಇಡ್ಲಿ ತಿನ್ನುವಾಗ ಅವನು ಕೇಳಿದ ಮೊದಲ ಪ್ರಶ್ನೆ: "ಇವರು ನನ್ನ ಕಿರಿಸ್ತಾನ ಮಾಡ್ತಾರೇನ್ರೀ?" ಗೋಡೆ ಮೇಲೆ ಯೇಸುವಿನ ಫೋಟೋ ಇತ್ತು. ಹುಡುಗನ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ಬ್ರದರ್‌ಗೆ ಅರ್ಥ ಹೇಳಿದೆ. ಅವರು ಹುಡುಗನಿಗೇ ಉತ್ತರ ಕೊಟ್ಟರು: "ಅದನ್ನ ತೆಗೀಬೇಡ. ಸ್ನಾನ ಮಾಡುವಾಗ ಹುಷಾರು, ದಾರ ಹಳೇದಾಗಿದೆ." ಮರುದಿನ ಹೊಸ ದಾರ ತಂದುಕೊಟ್ಟರು.

ಇದೇ ಪ್ರಶ್ನೆ ನನ್ನ ಅವ್ವನೂ ಫೋನಿನಲ್ಲಿ ಕೇಳಿದ್ದಳು. "ಅವರ ಸಂಗಾಟ ಇದ್ದು ನೀನೂ ಹಂಗ ಆಗಿ ಗಿಗಿ!" ಸೋದರಮಾವ ಇನ್ನೂ ಖಡಕ್ಕಾಗಿ ಕೇಳಿದ: "ಯಾಕ, ನಮ್ಮ ಮಠದಾಗ ಸೇವಾ ಮಾಡಾಕ ಜಾಗಾ ಇದ್ದಿದ್ದಿಲ್ಲೇನ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾನೂನು ಬಂದಾಗ ಇದೇ ಅನುಮಾನ ಮನೆಮನೆಯ ಮಾತಾಗಿತ್ತು. ಸೇವೆ ಹೆಸರಲ್ಲಿ ಪ್ರಚಾರ ಮಾಡೋರು ಎಲ್ಲ ಧರ್ಮದಲ್ಲೂ ಇದ್ದಾರೆ. ನಾನು ಬ್ರದರ್‌ನ ನೇರವಾಗಿಯೇ ಕೇಳಿದೆ. ಅವರು ಹೇಳಿದ್ದು: "ನಾನು ಇಲ್ಲಿ ನಿಂತಿರೋದು ಯೇಸುವಿನ ಸಲುವಾಗಿಯೇ, ಅದನ್ನ ಮುಚ್ಚಿಡಲ್ಲ. ಆದರೆ ಹಸಿದ ಹುಡುಗನ ಮುಂದೆ ತಟ್ಟೆ ಇಟ್ಟು ಪ್ರಾರ್ಥನೆ ಮಾಡು ಅಂದರೆ ಅದು ವ್ಯಾಪಾರ." ನಾನಿದ್ದ ಮೂರು ತಿಂಗಳಲ್ಲಿ ಬೆಳಿಗ್ಗೆ ಅವರು ಪ್ರಾರ್ಥನೆ ಮಾಡ್ತಿದ್ದರು, ಹುಡುಗರು ಕೇರಂ ಆಡ್ತಿದ್ದರು. ಮಾವನಿಗೂ ಇದನ್ನೇ ಹೇಳಿದೆ. ನಮ್ಮ ಮಠಗಳು ಕಮ್ಮಿ ಏನಲ್ಲ; ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಧರ್ಮ ಕೇಳಿಸಿಕೊಳ್ಳದೇ ಉಂಡು ಓದ್ತಾರೆ. ಆದರೆ ಮಠದ ಬಾಗಿಲವರೆಗೂ ಬರೋಕೆ ಮಗುವಿಗೆ ಕೈಹಿಡಿದು ತರೋರು ಬೇಕು. ಪ್ಲಾಟ್‌ಫಾರ್ಮಿನ ಹುಡುಗನಿಗೆ ಅಂಥವರು ಯಾರಿದ್ದಾರೆ?

ಈ ಪಂಥದ ಮೂಲಪುರುಷ ಡಾನ್ ಬಾಸ್ಕೋ ಕೂಡ ಹಳ್ಳಿ ಹುಡುಗ. 1815ರಲ್ಲಿ ಇಟಲಿಯ ಒಂದು ರೈತ ಮನೆಯಲ್ಲಿ ಹುಟ್ಟಿದವರು, ಎರಡು ತುಂಬೋದರೊಳಗೆ ತಂದೆಯನ್ನ ಕಳೆದುಕೊಂಡವರು. 1841ರಲ್ಲಿ ಪಾದ್ರಿಯಾಗಿ ಟ್ಯೂರಿನ್ ಪಟ್ಟಣಕ್ಕೆ ಬಂದರೆ ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಚಿಮಣಿ ಒರೆಸೋಕೆ ಬಂದ ಹುಡುಗರು ಬೀದಿಯಲ್ಲಿ, ಜೈಲಿನಲ್ಲಿ ಕಂಡರು. ಅವರಿಗೆ ಆಟ, ಊಟ, ಪಾಠ ಅಂತ ಶುರು ಮಾಡಿದರು. ಅಷ್ಟಕ್ಕೇ ಬಿಡದೆ, ಹುಡುಗರ ಪರವಾಗಿ ಮಾಲೀಕರ ಜೊತೆ ಕೆಲಸದ ಕರಾರುಪತ್ರ ಬರೆಸಿದರು. ನಮ್ಮ ಜಿಲ್ಲೆಯಿಂದ ಗುಳೆ ಹೋಗೋರನ್ನ ನೋಡಿ ಬೆಳೆದ ನನಗೆ ಆ ಕರಾರುಪತ್ರದ ವಿಷಯವೇ ಹೆಚ್ಚು ಹಿಡಿಸಿತು.

ಎರಡನೇ ತಿಂಗಳು ಸಾಫ್ಟ್‌ವೇರ್ ಶುರು ಮಾಡಿದೆ. 'ಮನೆಬಿಡಲು ಕಾರಣ' ಅನ್ನೋ ಕಡೆ ಡ್ರಾಪ್‌ಡೌನ್ ಇಟ್ಟಿದ್ದೆ: ಬಡತನ, ಹೊಡೆತ, ಶಾಲೆಯ ಭಯ, ಸಿನಿಮಾ ಆಸೆ. ಆ ಹುಡುಗನನ್ನ ಕೇಳಿದರೆ ಅವನಂದಿದ್ದು, "ಮನ್ಯಾಗ ಯಾರೂ ಇದ್ದಿಲ್ರಿ." ದೀಪಾವಳಿ ಆದಮೇಲೆ ಅಪ್ಪ ಅವ್ವ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯೋಕೆ ಹೋಗಿದ್ದರು. ಅಜ್ಜಿ ಜೊತೆ ಬಿಟ್ಟಿದ್ದರು, ಅಜ್ಜಿ ತೀರಿಕೊಂಡಿದ್ದಳು. ಯಾರೂ ಇಲ್ಲದ ಮನೆಯನ್ನ 'ಬಿಟ್ಟು ಬಂದ' ಅಂತ ಬರೆಯೋದು ಹೇಗೆ? ಡ್ರಾಪ್‌ಡೌನ್ ತೆಗೆದು, ಮಗು ಹೇಳಿದ್ದನ್ನ ಹೇಳಿದಂತೆಯೇ ಬರೆಯೋಕೆ ಖಾಲಿ ಜಾಗ ಬಿಟ್ಟೆ.

ಸಮಿತಿ ಅವನನ್ನ ಚಿಕ್ಕಪ್ಪನ ಮನೆಗೆ ಕಳಿಸಿತು. ಐದು ವಾರಕ್ಕೆ ಮತ್ತೆ ಅದೇ ರೈಲಿನಿಂದ ಇಳಿದ. ನನಗೆ ಕೈಕಾಲೇ ಆಡಲಿಲ್ಲ, ಇಷ್ಟೆಲ್ಲ ಮಾಡಿ ಏನು ಬಂತು ಅನಿಸಿತು. ಬ್ರದರ್ ಮಾತ್ರ, "ಸರಿಯಾಗಿ ನೋಡಿ, ಈ ಸಲ ಅವನು ನಿಲ್ಲಲಿಲ್ಲ" ಅಂದರು. ಹೌದು, ಇಳಿದವನೇ ನಮ್ಮನ್ನ ಹುಡುಕಿಕೊಂಡು ನಡೆದು ಬಂದಿದ್ದ. ಈ ಸಲ ಅಪ್ಪನನ್ನೇ ಕರೆಸಿದರು. ಕಬ್ಬಿನ ಸೀಸನ್ ಮುಗಿಯೋವರೆಗೆ ಮಾತ್ರ ಅಲ್ಲ, ವರ್ಷಪೂರ್ತಿ ಇರೋಕೆ ನಮ್ಮ ಜಿಲ್ಲೆಯಲ್ಲೇ ಒಂದು ಸರ್ಕಾರಿ ಹಾಸ್ಟೆಲ್ ಸಿಕ್ಕಿತು.

ಸಂಕ್ರಾಂತಿಗೆ ಊರಿಗೆ ಹೋದೆ. ಸಿದ್ಧೇಶ್ವರ ಜಾತ್ರೆ, ನಂದಿಕೋಲು, ಗುಡಿ ಮುಂದೆ ಕಾಲಿಡೋಕೆ ಜಾಗ ಇರಲಿಲ್ಲ. ಸೊನ್ನಲಿಗೆಯ ಸಿದ್ಧರಾಮನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ರಾಘವಾಂಕನೂ ಬರೆದಿದ್ದಾನೆ. ದನ ಕಾಯೋ ಹುಡುಗನಿಗೆ ಮಲ್ಲಯ್ಯ ಕಾಣಿಸಿಕೊಂಡು ಮಾಯವಾಗ್ತಾನೆ. ಹುಡುಗ ಅವನನ್ನ ಹುಡುಕುತ್ತಾ ಮನೆಬಿಟ್ಟು ಶ್ರೀಶೈಲದವರೆಗೂ ಹೋಗ್ತಾನೆ. ಎಲ್ಲೂ ಸಿಗದೆ ಕಮರಿಗೆ ಹಾರೋಕೆ ಹೋದಾಗ ಮಲ್ಲಯ್ಯ ಕೈ ಹಿಡೀತಾನೆ, ವಾಪಸ್ ಊರಿಗೆ ಕಳಿಸ್ತಾನೆ. ಆ ಹುಡುಗನೇ ಮುಂದೆ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ್ದು. ಚಿಕ್ಕಂದಿನಿಂದ ಕೇಳಿದ ಕಥೆ. ನಾವು ಕೈಮುಗಿಯೋ ದೇವರೂ ಒಂದು ಕಾಲಕ್ಕೆ ಮನೆಬಿಟ್ಟು ಓಡಿಹೋದ ಹುಡುಗ ಅನ್ನೋದು ಮಾತ್ರ ಆವತ್ತೇ ಹೊಳೆದದ್ದು.

ಅವ್ವನಿಗೆ ಹೇಳಿದೆ. ಶೇಂಗಾ ಹೋಳಿಗೆ ಲಟ್ಟಿಸ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ಆ ಬ್ರದರ್‌ಗೂ ನಾಕು ಕಟ್ಟಿ ಕೊಡ್ತೀನಿ, ಒಯ್ಯಿ" ಅಂದಳು.

ಈಗ ಕೆಲಸಕ್ಕೆ ಸೇರಿದ್ದೇನೆ, ತಿಂಗಳಿಗೆ ಎರಡು ಶನಿವಾರ ಪ್ಲಾಟ್‌ಫಾರ್ಮಿಗೆ ಹೋಗ್ತೇನೆ. ನಿಮಗೆ ಅಷ್ಟು ಪುರುಸೊತ್ತು ಇಲ್ಲದಿದ್ದರೂ ಪರವಾಗಿಲ್ಲ. ಊರಿಂದ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು ಕ್ಯಾಬ್ ಬುಕ್ ಮಾಡೋ ಮೊದಲು ಒಮ್ಮೆ ಸುತ್ತ ನೋಡಿ. ಚೀಲ ಇಲ್ಲದೆ ಒಂದು ಮಗು ಸುಮ್ಮನೆ ನಿಂತಿದ್ದರೆ 1098ಕ್ಕೆ ಫೋನ್ ಮಾಡಿ, ಅಥವಾ ರೈಲ್ವೆ ಪೊಲೀಸರನ್ನ ಕರೆಯಿರಿ. ಅವರು ಬರೋವರೆಗೂ ಪಕ್ಕದಲ್ಲಿ ನಿಂತಿರಿ. ಯಾಕೆ ಬಂದೆ ಅಂತ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ.