ಗ್ರೀಸ್ ಗನ್ನಿನ ತಮ್ಮ

ಬ್ಯೂನಸ್ ಐರಿಸ್‌ನ ಸಾನ್ ಮಾರ್ತಿನ್ ಚೌಕದ ಅಂಚಿಗೇ ಪಾಸ್ ಅರಮನೆ. ಕಟ್ಟಿಸಿದ ಪತ್ರಿಕೋದ್ಯಮಿ ಹೊಸೆ ಪಾಸ್ ಅದರಲ್ಲಿ ಒಂದು ರಾತ್ರಿಯೂ ಮಲಗದೆ ತೀರಿಕೊಂಡ. ಈಗ ಅಲ್ಲಿ ಸೇನಾಧಿಕಾರಿಗಳ ಕ್ಲಬ್ಬು, ಜೊತೆಗೊಂದು ಆಯುಧಗಳ ಮ್ಯೂಸಿಯಂ. ಮಳೆಗೆ ಹೆದರಿ ಒಳಹೊಕ್ಕವನು ನಾನು. ಕತ್ತಿ ಕವಚಗಳನ್ನೆಲ್ಲ ದಾಟಿ ಒಂದು ಗಾಜಿನ ಮುಂದೆ ನಿಂತುಬಿಟ್ಟೆ: ಪಾಮ್-2 ಎಂಬ ಸಬ್‌ಮಷಿನ್ ಗನ್.

ಬಂದೂಕು ಅನ್ನಿಸಲೇ ಇಲ್ಲ. ನಮ್ಮೂರ ಗ್ಯಾರೇಜಿನ ಹುಡುಗ ಲಾರಿಯಡಿ ಮಲಗಿ ಗ್ರೀಸ್ ಹೊಡೆಯುತ್ತಾನಲ್ಲ, ಆ ಪಂಪು! ಇದರ ಅಣ್ಣ, ಅಮೆರಿಕದ ಎಂ3ಎ1ಗೆ 'ಗ್ರೀಸ್ ಗನ್' ಎಂದೇ ಅಡ್ಡಹೆಸರು. ಅದನ್ನೇ 9 ಮಿ.ಮೀ. ಗುಂಡಿಗೆ ಹೊಂದಿಸಿ, ತುಸು ಕುಗ್ಗಿಸಿ, 1950ರ ದಶಕದಲ್ಲಿ ಅರ್ಜೆಂಟೀನಾದ ರೊಸಾರಿಯೊ ನಗರದ ಸೇನಾ ಕಾರ್ಖಾನೆ ಪಾಮ್-1 ತಯಾರಿಸಿತು. ಅಚ್ಚೊತ್ತಿದ ತಗಡಿನ ಎರಡು ಹೋಳು ಬೆಸೆದ ಮೈ, ಭುಜಕ್ಕಾನಿಸಲು ಬಾಗಿಸಿದ ತಂತಿ. ಬೋಲ್ಟಿನ ತೂತಿಗೆ ಬೆರಳು ತೂರಿಸಿ ಹಿಂದಕ್ಕೆಳೆಯಬೇಕು. ಸೇಫ್ಟಿ ಅಂದರೆ ಒಂದು ಮುಚ್ಚಳ, ಅಷ್ಟೇ. ಅದು ತೆರೆದಿದ್ದಾಗ ಕೈಜಾರಿ ಬಿತ್ತೋ, ಬೋಲ್ಟು ತಾನೇ ಹಿಂದೆ ಸರಿದು, ಮುನ್ನುಗ್ಗಿ ಗುಂಡು ಹಾರಿಸಿಬಿಡಬಹುದು. 1963ರ ಪಾಮ್-2ರಲ್ಲಿ ಮ್ಯಾಗಜೀನು ಸಿಕ್ಕಿಸುವಲ್ಲಿ ಇನ್ನೊಂದು ಸನ್ನೆ ಸೇರಿಸಿದರು. ಅದನ್ನು ಅಂಗೈಯಲ್ಲಿ ಅದುಮದೆ ಗುಂಡು ಹಾರದು.

ಇದನ್ನು ತೋರಿಸಿಕೊಟ್ಟವರು ಪಕ್ಕದಲ್ಲಿದ್ದ, ಅರವತ್ತು ದಾಟಿದ ಒಬ್ಬರು. ಎಡಗೈಯಿಂದ ಗಾಳಿಯನ್ನೇ ಹಿಂಡಿದರು. ತಾನು 'ಕೊಲಿಂಬಾ' ಆಗಿದ್ದೆ ಎಂದರು. ಓಡು, ತೊಳೆ, ಗುಡಿಸು ಎಂಬ ಮೂರು ಸ್ಪ್ಯಾನಿಷ್ ಪದಗಳ ಮೊದಲಕ್ಷರಗಳಿಂದಾಯಿತೆಂದು ಜನ ಹೇಳುವ, ಆಗ ಕಡ್ಡಾಯವಾಗಿದ್ದ ಸೈನ್ಯಸೇವೆಯ ಹುಡುಗರಿಗಿದ್ದ ಹೆಸರದು. 1982ರಲ್ಲಿ ಬ್ರಿಟನ್ನಿನೆದುರು ಯುದ್ಧಕ್ಕೆಂದು ಮಾಲ್ವಿನಾಸ್ (ಫಾಕ್‌ಲ್ಯಾಂಡ್) ದ್ವೀಪಗಳಿಗೆ ಹೋದಾಗ ಹತ್ತೊಂಬತ್ತು ವರ್ಷ. ಬೋಲ್ಟು ಬ್ಯಾರೆಲಿನ ಸುತ್ತ ಕವಿಯುವ ಹೊಸ ಎಫ್‌ಎಂಕೆ-3 ಆಗಲೇ ಬಂದಿದ್ದರೂ ಅಡುಗೆಮನೆಯಲ್ಲಿದ್ದ ಇವರ ಪಾಲಿಗೆ ಬಂದದ್ದು ಹಳೆಯ ಪಾಮ್. "ಚಳಿಗೆ ಬೆರಳೇ ಮಡಚುತ್ತಿರಲಿಲ್ಲ, ಇದನ್ನು ಅದುಮುವುದೆಲ್ಲಿ ಬಂತು!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಳೆ ನಿಂತಿತ್ತು. ಇಬ್ಬರೂ ಹೊರಬಂದೆವು. ಚೌಕದ ಇಳಿಜಾರಿನ ಕೆಳಗೆ ಕಪ್ಪು ಕಲ್ಲುಗಳ ಮೇಲೆ ಆ ಯುದ್ಧದಲ್ಲಿ ಮಡಿದವರ 649 ಹೆಸರು. ಅರ್ಧದಷ್ಟು, 323, ಮುಳುಗಿದ ಬೆಲ್ಗ್ರಾನೊ ಹಡಗಿನವರದೇ. ಆತ ಒಂದು ಹೆಸರಿನ ಮೇಲಿದ್ದ ಹನಿಗಳನ್ನು ತೋಳಿನಿಂದ ಒರೆಸಿದರು. ಯಾರೆಂದು ನಾನು ಕೇಳಲಿಲ್ಲ.

ರಸ್ತೆಯಾಚೆ ಗಡಿಯಾರದ ಗೋಪುರ, 1916ರಲ್ಲಿ ಇಲ್ಲಿನ ಬ್ರಿಟಿಷರು ಕೊಟ್ಟ ಉಡುಗೊರೆ. ಯುದ್ಧದ ನಂತರ ಅದರ ಹೆಸರು ಬದಲಾಯಿಸಿದ್ದಾರೆ. ಆತ ಮಾತ್ರ ಈಗಲೂ 'ಇಂಗ್ಲಿಷರ ಗೋಪುರ' ಎಂದರು. ಅದನ್ನೇ ನೋಡಿ ತಮ್ಮ ಕೈಗಡಿಯಾರ ಎರಡು ನಿಮಿಷ ಮುಂದಕ್ಕೆ ತಿರುಗಿಸಿಕೊಂಡರು.